ಗೇಮ್ ಬಾಯ್‌ಗೆ ನಾಲ್ಕೇ ಬಣ್ಣ: ಯಾವ ಪ್ಯಾಲೆಟ್ ಇಡೋದು?

ಮೊದಲ ಸಲ ಪ್ಯಾಲೆಟ್, ಅಂದರೆ ಸ್ಕ್ರೀನಿನ ನಾಲ್ಕು ಬಣ್ಣಗಳ ಗುಂಪು, ಆರಿಸಿದಾಗ ನಾನು ಮಾಡಿದ್ದು ಶುದ್ಧ ಪೆದ್ದತನ. ನಿಂಟೆಂಡೋದ ಹಳೇ ಕೈ ಆಟದ ಮಷೀನು ಗೇಮ್ ಬಾಯ್‌ಗೆ ಹೊಸ ಐಪಿಎಸ್ ಸ್ಕ್ರೀನ್ (ಹಿಂದಿನಿಂದ ದೀಪ ಬೆಳಗುವಂಥದ್ದು) ಕೂರಿಸಿ ಮುಗಿಸಿದಾಗ ರಾತ್ರಿ ಹನ್ನೊಂದೂವರೆ. ಕಿಟ್‌ನಲ್ಲಿದ್ದ ಪ್ಯಾಲೆಟ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದು ಕಡುಗೆಂಪಿನದು ಬಂತು. ರೂಮಿನ ದೀಪ ಆರಿಸಿ ನೋಡಿದರೆ ಮೇ ತಿಂಗಳ ಗುಲ್‌ಮೊಹರ್ ಥರ ಉರಿಯುತ್ತಿತ್ತು. ಇದೇ ಸರಿ ಅಂತ ಅದನ್ನೇ ಇಟ್ಟು ಮಲಗಿದೆ.

ಮರುದಿನ ಬೆಳಿಗ್ಗೆ ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆ. ನಮ್ಮ ಮೆಟ್ರೋದಲ್ಲಿ ಕೂತರೆ ಕಿಟಕಿ ಬೆನ್ನಿಗೆ ಇರುತ್ತದಲ್ಲ, ಬಿಸಿಲೆಲ್ಲ ನೇರವಾಗಿ ಕೈಯಲ್ಲಿರುವ ಸ್ಕ್ರೀನಿನ ಮೇಲೇ ಬೀಳುತ್ತದೆ. ಆಡುತ್ತಿದ್ದದ್ದು ಮೆಟ್ರಾಯ್ಡ್ 2. ಆ ಆಟ ಹೆಚ್ಚಾಗಿ ಗುಹೆಗಳಲ್ಲೇ ನಡೆಯೋದು, ಹಿನ್ನೆಲೆ ಬಹುತೇಕ ಕಪ್ಪು. ಗೋಡೆ ಯಾವುದು, ಖಾಲಿ ಜಾಗ ಯಾವುದು ಅಂತಲೇ ಗೊತ್ತಾಗಲಿಲ್ಲ. ಎರಡು ಸಲ ಸತ್ತೆ. ಎಂ.ಜಿ. ರೋಡ್ ದಾಟಿ ರೈಲು ಸುರಂಗಕ್ಕೆ ಇಳಿದ ಕೂಡಲೇ ಗೋಡೆಗಳೆಲ್ಲ ವಾಪಸ್ ಬಂದವು. ಮೆಜೆಸ್ಟಿಕ್ ಬರುವ ಹೊತ್ತಿಗೆ ಒಂದು ವಿಷಯ ತಲೆಗೆ ಹೋಗಿತ್ತು: ನಾನು ಆರಿಸಿದ್ದು ಬಣ್ಣವನ್ನು, ಆರಿಸಬೇಕಾಗಿದ್ದದ್ದು ತಿಳಿ-ಗಾಢದ ಅಂತರವನ್ನು.

ಆಮೇಲೆ ಎರಡು ವರ್ಷ, ಮೂರು ಮಷೀನು, ಲೆಕ್ಕವಿಲ್ಲದಷ್ಟು ಪ್ಯಾಲೆಟ್. ಈಗ ಯಾರಾದರೂ ಯಾವುದು ಇಡಲಿ ಅಂತ ಕೇಳಿದರೆ ನಾನು ಹೇಳೋದು ಇಷ್ಟು.

ನಾಲ್ಕು ಮೆಟ್ಟಿಲು

ನಮ್ಮಲ್ಲಿ ಬಹಳ ಜನ ಚಿಕ್ಕವರಿದ್ದಾಗ ಆಡಿದ್ದು ಗೇಮ್ ಬಾಯ್ ಅಲ್ಲ, ಬ್ರಿಕ್ ಗೇಮ್. ಅದರಲ್ಲಿ ಒಂದು ಚೌಕ ಇರುತ್ತಿತ್ತು ಅಥವಾ ಇರುತ್ತಿರಲಿಲ್ಲ, ಅಷ್ಟೇ. 1989ರಲ್ಲಿ ಬಂದ ಗೇಮ್ ಬಾಯ್ ಅದಕ್ಕಿಂತ ಸ್ವಲ್ಪ ಶ್ರೀಮಂತ. ಅಡ್ಡಕ್ಕೆ 160, ಉದ್ದಕ್ಕೆ 144, ಒಟ್ಟು 23,040 ಚುಕ್ಕಿ. ಒಂದೊಂದು ಚುಕ್ಕಿಗೂ ನಾಲ್ಕು ಶೇಡ್‌ನಲ್ಲಿ ಒಂದು. ಮಷೀನಿಗೆ ಹಸಿರು, ಕೆಂಪು ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಸೊನ್ನೆ, ಒಂದು, ಎರಡು, ಮೂರು ಮಾತ್ರ. ಸೊನ್ನೆ ಅಂದರೆ ಎಲ್ಲಕ್ಕಿಂತ ತಿಳಿ, ಮೂರು ಅಂದರೆ ಎಲ್ಲಕ್ಕಿಂತ ಗಾಢ. ಆ ನಾಲ್ಕು ಸಂಖ್ಯೆಗೆ ಯಾವ ನಾಲ್ಕು ಬಣ್ಣ ತೊಡಿಸಬೇಕು ಅನ್ನೋದೇ ಪ್ಯಾಲೆಟ್.

ಆಟ ಮಾಡಿದವರು ಈ ನಾಲ್ಕನ್ನು ಮೆಟ್ಟಿಲಿನ ಹಾಗೆ ಬಳಸಿದ್ದಾರೆ. ಎಲ್ಲಕ್ಕಿಂತ ತಿಳಿ ಶೇಡ್ ಆಕಾಶ, ಮುಂದಿನದು ನೆರಳು, ಅದರ ಮುಂದಿನದು ಗೋಡೆ, ಕೊನೆಯದು ಗೆರೆ. ಒಂದು ಮೆಟ್ಟಿಲು ತೀರಾ ಗಿಡ್ಡವಾದರೆ ಅಲ್ಲೇ ಎಡವುತ್ತೀರಿ. ನನ್ನ ಗುಲ್‌ಮೊಹರ್ ಪ್ಯಾಲೆಟ್‌ನಲ್ಲಿ ಆಗಿದ್ದು ಅದೇ. ಕಡುಗೆಂಪಿಗೂ ಕಪ್ಪಿಗೂ ನಡುವೆ ಮೆಟ್ಟಿಲೇ ಇರಲಿಲ್ಲ.

ಇದನ್ನು ಅಳೆಯೋಕೆ ಯಾವ ಯಂತ್ರವೂ ಬೇಡ. ಸ್ಕ್ರೀನಿನ ಫೋಟೋ ತೆಗೆದು ಮೊಬೈಲಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ನಾಲ್ಕೂ ಬೇರೆ ಬೇರೆಯಾಗಿ ಕಂಡರೆ ಪ್ಯಾಲೆಟ್ ಪಾಸು. ಮೂರೇ ಕಂಡರೆ ಬಣ್ಣ ಎಷ್ಟೇ ಚಂದ ಇದ್ದರೂ ಬಿಟ್ಟುಬಿಡಿ.

ನಿಮ್ಮ ಮಾಡ್‌ಗೆ ಎಷ್ಟು ಗೊತ್ತು?

ಮಾಡ್ ಅಂದರೆ ಹಳೇ ಮಷೀನಿಗೆ ಮಾಡಿಸುವ ಬದಲಾವಣೆ. ಪ್ಯಾಲೆಟ್‌ಗಳನ್ನು ಹೋಲಿಸುವ ಮೊದಲು ಇದನ್ನು ತಿಳಿದುಕೊಳ್ಳಿ. ಬಹಳ ಜನ ದುಡ್ಡು ಕೊಟ್ಟ ಮೇಲೆ ಇದನ್ನು ಕೇಳುತ್ತಾರೆ.

ಮೊದಲ ಗೇಮ್ ಬಾಯ್‌ನ ಒಳಗೆ ಹಿನ್ನೆಲೆ ಬೇರೆ, ಓಡಾಡುವ ಪಾತ್ರಗಳು ಅಂದರೆ ಸ್ಪ್ರೈಟ್‌ಗಳು ಬೇರೆ. ಆದರೆ ಬೋರ್ಡಿನಿಂದ ಸ್ಕ್ರೀನಿಗೆ ಹೋಗುವಾಗ ಎರಡೂ ಕಲಸಿ ಒಂದಾಗಿರುತ್ತವೆ. ಸ್ಕ್ರೀನಿಗೆ ತಲುಪೋದು ಚುಕ್ಕಿಗೆ ಎರಡು ಬಿಟ್ ಮಾತ್ರ. ಈ ಚುಕ್ಕಿ ಮಾರಿಯೋನ ಟೋಪಿಯದಾ, ಹಿಂದಿನ ಇಟ್ಟಿಗೆಯದಾ ಅಂತ ಸ್ಕ್ರೀನಿಗೆ ತಿಳಿಯುವ ದಾರಿಯೇ ಇಲ್ಲ. ನೀವು ಹಾಕಿಸುವ ಐಪಿಎಸ್ ಕಿಟ್ ಕೂತಿರೋದು ಈ ತಂತಿಯ ಕೊನೆಯಲ್ಲಿ. ಹಾಗಾಗಿ ಕಿಟ್ ಎಷ್ಟೇ ದುಬಾರಿಯಾಗಿದ್ದರೂ, ಪಟ್ಟಿಯಲ್ಲಿ ಎಷ್ಟೇ ಪ್ಯಾಲೆಟ್ ಇದ್ದರೂ, ಇಡೀ ಸ್ಕ್ರೀನಿಗೆ ಒಟ್ಟು ನಾಲ್ಕೇ ಬಣ್ಣ. ಹಸಿರು ಕಾಡಿನಲ್ಲಿ ಕೆಂಪು ಅಂಗಿಯ ಹುಡುಗ ಓಡಾಡಬೇಕು ಅಂದರೆ ಈ ಮಷೀನಿನಲ್ಲಿ ಆಗೋದಿಲ್ಲ.

1998ರ ಗೇಮ್ ಬಾಯ್ ಕಲರ್‌ನಲ್ಲಿ ಆಗುತ್ತದೆ. ಹಳೇ ಕ್ಯಾಸೆಟ್ ಹಾಕಿದರೆ ಅದು ಬಣ್ಣ ತುಂಬುವ ಕೆಲಸವನ್ನು ಒಳಗೇ ಮುಗಿಸಿ ಕಳಿಸುತ್ತದೆ. ಹಿನ್ನೆಲೆಗೆ ಒಂದು ಪ್ಯಾಲೆಟ್, ಸ್ಪ್ರೈಟ್‌ಗಳಿಗೆ ಎರಡು. ಅದಕ್ಕೆ ಐಪಿಎಸ್ ಹಾಕಿದರೂ ಈ ಲಾಭ ಹಾಗೇ ಉಳಿಯುತ್ತದೆ. ಅಂದರೆ ನಿಮ್ಮ ಆಸೆ ಬಣ್ಣಬಣ್ಣದ ಆಟವಾಗಿದ್ದರೆ ಬೇಕಾಗಿರೋದು ಬೇರೆ ಪ್ಯಾಲೆಟ್ ಅಲ್ಲ, ಬೇರೆ ಮಷೀನು.

ಮೂರನೇ ದಾರಿ ಹಳೇ ಗಾಜನ್ನೇ ಇಟ್ಟುಕೊಂಡು ಹಿಂದೆ ಬ್ಯಾಕ್‌ಲೈಟ್ ಹಾಕೋದು. ಹಿಂಬದಿಯ ಕನ್ನಡಿಯಂಥ ಪದರ ಕಿತ್ತು ಎಲ್‌ಇಡಿ ಹಾಳೆ ಜಾರಿಸಬೇಕು. ಬರೀ ಇಷ್ಟೇ ಮಾಡಿದರೆ ಎಲ್ಲ ತೆಳ್ಳಗೆ, ನೀರುಮಜ್ಜಿಗೆ ಥರ ಕಾಣುತ್ತದೆ. ಅದಕ್ಕೇ ಬೆಳಕನ್ನು ಸೋಸುವ ಪೋಲರೈಸರ್ ಹಾಳೆಯನ್ನು ತಿರುಗಿಸಿ ಚಿತ್ರವನ್ನು ನೆಗೆಟಿವ್ ಮಾಡುತ್ತಾರೆ. ಆಮೇಲೆ ಒಂದು ಚಿಕ್ಕ ಇನ್ವರ್ಟರ್ ಚಿಪ್ ಹಾಕಿ ಸಿಗ್ನಲ್ಲನ್ನೂ ನೆಗೆಟಿವ್ ಮಾಡುತ್ತಾರೆ. ಎರಡು ನೆಗೆಟಿವ್ ಸೇರಿ ಚಿತ್ರ ಸರಿಯಾಗುತ್ತದೆ, ಗಾಢ ಶೇಡ್‌ಗಳು ನಿಜವಾಗಿ ಗಾಢವಾಗುತ್ತವೆ. ಇದಕ್ಕೆ ಬೈವರ್ಟ್ ಅಂತಾರೆ. ಇಲ್ಲಿ ಪ್ಯಾಲೆಟ್ ಅಂದರೆ ಒಂದೇ ತೀರ್ಮಾನ: ಬ್ಯಾಕ್‌ಲೈಟ್ ಹಾಳೆ ಯಾವ ಬಣ್ಣದ್ದು ಅನ್ನೋದು. ತಿಳಿ ಶೇಡ್ ಆ ಬಣ್ಣ, ಗಾಢ ಶೇಡ್ ಕಪ್ಪು. ನನಗೆ ಈ ಥರದ್ದು ತುಂಬಾ ಇಷ್ಟ, ಆದರೆ ಮೊದಲ ಸಲ ಮಾಡುವವರಿಗೆ ಹೇಳೋಲ್ಲ. ಪೋಲರೈಸರ್ ಕೀಳುವಾಗ ನಾನು ಒಂದು ಗಾಜು ಸೀಳಿಸಿದ್ದೇನೆ. ಬ್ಲೇಡು ಜಾರಿದ ಸದ್ದು ಇನ್ನೂ ಕಿವಿಯಲ್ಲಿದೆ. ಚಿಪ್ಪು, ತಂತಿ, ಬೆಸುಗೆ ಸೀಸ ಎಲ್ಲ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ, ಆ ಗಾಜು ಮಾತ್ರ ಎಲ್ಲಿ ಹುಡುಕೋದು?

ಹಸಿರೋ, ಬೂದಿಯೋ?

ಹೆಚ್ಚಿನವರು ಮೊದಲು ಒತ್ತೋದು ಹಸಿರು. ಹಳೇ ನೆನಪು. ತಪ್ಪಿಲ್ಲ, ಆದರೆ ಯಾವ ಹಸಿರು ಅಂತ ನೋಡಿ.

ಎಲ್ಲ ಕಡೆ ಓಡಾಡುವ ‘ಅಸಲಿ ಗೇಮ್ ಬಾಯ್ ಹಸಿರು’ ಅಂತ ಒಂದು ನಾಲ್ಕರ ಪಟ್ಟಿ ಇದೆ. ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ (ಒಂದೊಂದೂ ಸೊನ್ನೆಯಿಂದ 255ರ ತನಕ) ಹೇಳಿದರೆ 155-188-15, 139-172-15, 48-98-48, 15-56-15. ಮೊದಲೆರಡನ್ನು ಗಮನಿಸಿ. ಕೆಂಪಿನಲ್ಲಿ 16, ಹಸಿರಿನಲ್ಲಿ 16 ಕಡಿಮೆ, ಅಷ್ಟೇ. ವೆಬ್‌ನಲ್ಲಿ ಅಕ್ಷರ ಓದಲು ಬರುತ್ತದಾ ಅಂತ ನೋಡುವ ಕಾಂಟ್ರಾಸ್ಟ್ ಲೆಕ್ಕ ಹಾಕಿದರೆ ಇವೆರಡರ ನಡುವಿನ ಅಂತರ ಸುಮಾರು 1.2 ಬರುತ್ತದೆ. 1 ಅಂದರೆ ಎರಡೂ ಒಂದೇ ಅಂತ! ಪೂರ್ತಿ ಪಟ್ಟಿಯ ಎರಡು ತುದಿಗಳ ನಡುವೆಯೂ ಸುಮಾರು 6 ಮಾತ್ರ. ಮೋಡ, ದೂರದ ಬೆಟ್ಟ, ಹುಲ್ಲಿನ ಮೇಲಿನ ನೆರಳು, ಎಲ್ಲ ಇದರಲ್ಲಿ ಮಾಯವಾಗುತ್ತವೆ. ಅಸಲಿ ಸ್ಕ್ರೀನಿಗೂ ಇದೇ ಅಂತ ಒಂದು ಹಸಿರು ಇರಲಿಲ್ಲ. ಪಕ್ಕದಲ್ಲಿ ಕಾಂಟ್ರಾಸ್ಟ್ ಚಕ್ರ ಇರುತ್ತಿತ್ತು. ಅದನ್ನು ತಿರುಗಿಸಿದಂತೆ, ಬೆಳಕು ಬಿದ್ದಂತೆ ಬಣ್ಣ ಬದಲಾಗುತ್ತಿತ್ತು.

ಹಾಗಾಗಿ ಹಸಿರು ಬೇಕಾದರೆ ತಿಳಿ ಶೇಡ್ ಇನ್ನೂ ಬಿಳಿಚಿಕೊಂಡಿರುವ ಹಸಿರನ್ನು ಹುಡುಕಿ. ಎಳೇ ಬಾಳೆಎಲೆಯ ಬಣ್ಣದಿಂದ ಶುರುವಾಗಿ ಮಾವಿನ ಎಲೆಯ ಗಾಢಕ್ಕೆ ಇಳಿಯುವಂಥದ್ದು. ಹಸಿರಿಗೆ ಒಂದು ನೈಸರ್ಗಿಕ ಅನುಕೂಲವೂ ಇದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತೀವ್ರತೆಯಲ್ಲಿ ಹಸಿರಿನ ಪಾಲು ಶೇ. 72ರಷ್ಟು, ಕೆಂಪಿನದು 21, ನೀಲಿಯದು 7. ಸ್ಕ್ರೀನುಗಳ ಲೆಕ್ಕ ನಿಂತಿರೋದು ಇದರ ಮೇಲೆ. ಹಸಿರಿನಲ್ಲಿ ನಾಲ್ಕು ಮೆಟ್ಟಿಲು ಕಟ್ಟೋದು ಸುಲಭ, ಬರೀ ನೀಲಿಯಲ್ಲಿ ಕಟ್ಟೋಕೆ ಹೋದರೆ ಕೆಳಗಿನ ಎರಡು ಮೆಟ್ಟಿಲು ಕತ್ತಲೆಯಲ್ಲಿ ಮುಳುಗುತ್ತವೆ. ನೀಲಿ ಇಷ್ಟ ಇದ್ದವರು ಮೇಲಿನ ಎರಡಕ್ಕೆ ಬಿಳಿ ಬೆರೆತ ನೀಲಿ ಇಟ್ಟುಕೊಳ್ಳಿ.

ಬೂದಿ ಬಣ್ಣದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಯಾಕೆಂದರೆ ಅದರಲ್ಲಿ ತಪ್ಪಿಲ್ಲ. 1996ರ ಗೇಮ್ ಬಾಯ್ ಪಾಕೆಟ್ ಬಂದಾಗಲೇ ಹಸಿರು ಹೋಗಿ ಬೂದಿ ಬಂದಿತ್ತು. ಯಾವ ಆಟ ಹಾಕಿದರೂ ಕೈ ಕೊಡೋಲ್ಲ. ಅನ್ನ-ಸಾರಿನ ಥರ. ಮೂರು ದಿನ ಆದ ಮೇಲೆ ಬೇಜಾರಾಗುತ್ತದೆ, ಅಷ್ಟೇ.

ಕಾಫಿ ಪ್ಯಾಲೆಟ್

ಕಿಟ್‌ನ ಪಟ್ಟಿಯಲ್ಲಿ ಇರುವ ಕಂದು ಬಣ್ಣಗಳು ನನಗೆ ಒಗ್ಗಲಿಲ್ಲ. ಒಂದೋ ಮಣ್ಣು, ಇಲ್ಲಾ ತುಕ್ಕು. ಎಮ್ಯುಲೇಟರ್ (ಹಳೇ ಮಷೀನನ್ನು ಅನುಕರಿಸುವ ಸಾಫ್ಟ್‌ವೇರ್) ಇರುವ ಕೈ ಮಷೀನುಗಳಲ್ಲಿ ಮತ್ತು ಕೆಲವು ಕಿಟ್‌ಗಳಲ್ಲಿ ಸ್ವಂತ ಬಣ್ಣ ಕೊಡಬಹುದು. ಅಲ್ಲಿ ನಾನೇ ಒಂದು ಮಾಡಿಕೊಂಡೆ.

ಒಂದು ಭಾನುವಾರ ಅಡುಗೆಮನೆ ಕಟ್ಟೆಯ ಮೇಲೆ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟೆ. ಮೊದಲನೆಯದಕ್ಕೆ ಬರೀ ಹಾಲು, ಎರಡು ಹನಿ ಡಿಕಾಕ್ಷನ್. ಎರಡನೆಯದು ಅಮ್ಮ ಕುಡಿಯುವ ಲೈಟ್ ಕಾಫಿ. ಮೂರನೆಯದು ನಾನು ಕುಡಿಯುವ ಸ್ಟ್ರಾಂಗ್. ನಾಲ್ಕನೆಯದು ಫಿಲ್ಟರಿನ ತಳದಿಂದ ಇಳಿದ ಮೊದಲ ಡಿಕಾಕ್ಷನ್. ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದು, ಬಣ್ಣ ಎತ್ತಿಕೊಂಡು, ಅಂತರ ಸರಿಮಾಡಿದೆ. ಅಮ್ಮ ಬಂದು ನೋಡಿ, ‘ಯಾರೋ ಬಂದಿದಾರೇನೋ, ನಾಲ್ಕು ಲೋಟ ಯಾಕೋ?’ ಅಂದರು. ಬಣ್ಣ ನೋಡ್ತಿದೀನಮ್ಮ ಅಂದೆ. ಎರಡನೇ ಲೋಟ ಎತ್ತಿಕೊಂಡು ಹೋದರು.

ಕೊನೆಗೆ ನಿಂತ ಲೆಕ್ಕ ಹೀಗಿದೆ: 241-226-198, 190-148-104, 111-74-45, 43-26-16. ಪಕ್ಕಪಕ್ಕದ ಶೇಡ್‌ಗಳ ಕಾಂಟ್ರಾಸ್ಟ್ 2.1, 2.8, 2.1ರ ಆಸುಪಾಸು. ತುದಿಯಿಂದ ತುದಿಗೆ 13. ಆ ಪ್ರಸಿದ್ಧ ಹಸಿರಿನ ದುಪ್ಪಟ್ಟಿಗೂ ಜಾಸ್ತಿ. ರಾತ್ರಿ ಹೊತ್ತು ಬ್ರೈಟ್‌ನೆಸ್ ಕಡಿಮೆ ಮಾಡಿ ಆಡುವಾಗ ಅಚ್ಚ ಬಿಳಿ ಕಣ್ಣಿಗೆ ಹೊಡೆದ ಹಾಗಾಗುತ್ತದೆ, ಈ ಹಾಲಿನ ಬಿಳಿ ಹಾಗೆ ಹೊಡೆಯೋಲ್ಲ. ಮಾತು ಜಾಸ್ತಿ ಇರುವ ಆಟಗಳಿಗೆ, ಅಂದರೆ ಪೋಕೆಮಾನ್, ಜೆಲ್ಡಾ ಥರದವಕ್ಕೆ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸಕ್ಕರೆ ನಿಮ್ಮಿಷ್ಟ.

ಉಲ್ಟಾ ಮತ್ತು ಉರಿಯುವ ಬಣ್ಣ

ಉಲ್ಟಾ ಪ್ಯಾಲೆಟ್ ಅಂದರೆ ಕಪ್ಪು ಹಿನ್ನೆಲೆಯ ಮೇಲೆ ಹೊಳೆಯುವ ಗೆರೆ. ಅಂಗಡಿಯ ಫೋಟೋದಲ್ಲಿ ಎಲ್ಲಕ್ಕಿಂತ ಚಂದ ಕಾಣೋದು ಇದೇ. ದೂರದ ಬೆಟ್ಟ ನುಣ್ಣಗೆ. ಟೆಟ್ರಿಸ್‌ಗೆ ನಿಜಕ್ಕೂ ಚೆನ್ನಾಗಿದೆ, ಅಲ್ಲಿ ಇರೋದು ಬರೀ ಚೌಕ. ಆದರೆ ಮುಖ, ಬೆಟ್ಟ, ಮನೆ ಇರುವ ಆಟದಲ್ಲಿ ಎಲ್ಲವೂ ಸ್ಟುಡಿಯೋದವರ ಹಳೇ ನೆಗೆಟಿವ್ ಹಿಡಿದು ನೋಡಿದ ಹಾಗೆ. ನೆರಳು ಇರಬೇಕಾದ ಕಡೆ ಬೆಳಕು. ಆಟ ಬೆಳ್ಳಗೆ ಮಿಂಚಬೇಕಾದ ಜಾಗದಲ್ಲಿ ಕತ್ತಲಾಗುತ್ತದೆ. ತಮಾಷೆ ಅಂದರೆ ಮೆಟ್ರಾಯ್ಡ್ 2ರ ಗುಹೆಗಳು ಉಲ್ಟಾದಲ್ಲಿ ಹಗಲಾಗಿಬಿಡುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಕಪ್ಪು ಜಾಸ್ತಿ ಇದ್ದರೆ ಬ್ಯಾಟರಿ ಉಳಿಯುತ್ತದೆ ಅಂತ. ಐಪಿಎಸ್‌ನಲ್ಲಿ ಉಳಿಯೋಲ್ಲ. ಹಿಂದಿನ ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಮುಂದಿನ ಪದರ ಅದನ್ನು ತಡೆಯುತ್ತದೆ ಅಷ್ಟೇ. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಸ್ಕ್ರೀನಾದರೆ ಮಾತ್ರ ಈ ಮಾತು ನಿಜ. ನಾಲ್ಕು ಪೆನ್ಸಿಲ್ ಸೆಲ್ ಬೇಗ ಮುಗಿಯುತ್ತಿದ್ದರೆ ಇಳಿಸಬೇಕಾದದ್ದು ಬ್ರೈಟ್‌ನೆಸ್.

ಅಚ್ಚ ಕೆಂಪು, ನೇರಳೆ, ಗುಲಾಬಿ ಇವೆಲ್ಲ ಹತ್ತು ನಿಮಿಷದ ಮೋಜು. ಹತ್ತು ನಿಮಿಷ ಮೋಜೂ ಬೇಕಲ್ವಾ?

ಕಲರ್‌ನ ಹನ್ನೆರಡು

ಗೇಮ್ ಬಾಯ್ ಕಲರ್ ಇದ್ದವರಿಗೆ ಹನ್ನೆರಡು ಪ್ಯಾಲೆಟ್ ಮಷೀನಿನಲ್ಲೇ ಇವೆ. ಆನ್ ಮಾಡಿ ಲೋಗೋ ಬರುವಾಗ ದಿಕ್ಕಿನ ಬಟನ್ ಒತ್ತಬೇಕು. ಬರೀ ದಿಕ್ಕು, ದಿಕ್ಕಿನ ಜೊತೆ ಎ, ದಿಕ್ಕಿನ ಜೊತೆ ಬಿ. ನಾಲ್ಕು ಮೂರಲಿ ಹನ್ನೆರಡು. ಏನೂ ಒತ್ತದಿದ್ದರೆ ಮಷೀನು ಕ್ಯಾಸೆಟ್ಟಿನ ಹೆಸರು ನೋಡುತ್ತದೆ. ನಿಂಟೆಂಡೋದ ಹಲವು ಹಳೇ ಆಟಗಳಿಗೆ ತಾನೇ ಒಂದು ಬಣ್ಣ ಗೊತ್ತು ಮಾಡಿಕೊಂಡಿದೆ. ಪೋಕೆಮಾನ್ ರೆಡ್ ಹಾಕಿದರೆ ಕೆಂಪು, ಬ್ಲೂ ಹಾಕಿದರೆ ನೀಲಿ. ಗುರುತು ಸಿಗದ ಆಟಕ್ಕೆ ಹಸಿರು-ನೀಲಿ ಹಿನ್ನೆಲೆ, ಕೆಂಪು ಸ್ಪ್ರೈಟು.

ಹನ್ನೆರಡನ್ನೂ ವಿವರಿಸೋಲ್ಲ. ನಾನು ಬಳಸೋದು ಮೂರು.

ಎಡ ಮತ್ತು ಬಿ ಒತ್ತಿದರೆ ಬೂದಿ: ಬಿಳಿ (255), ಬೂದಿ 165, ಬೂದಿ 82, ಕಪ್ಪು (ಸೊನ್ನೆ). ಮೆಟ್ಟಿಲು ಒಂದೇ ಸಮ. ಏನೂ ತೋಚದಿದ್ದಾಗ ಇದು. ಬರೀ ಎಡ ಒತ್ತಿದರೆ ನೀಲಿ ಹಿನ್ನೆಲೆ, ಕೆಂಪು ಮತ್ತು ಹಸಿರು ಪಾತ್ರಗಳು. ಹಾರಿ ಓಡುವ ಆಟಗಳಿಗೆ ಇದು ಸೊಗಸು, ನಿಮ್ಮವನು ಎಲ್ಲಿದ್ದಾನೆ ಅಂತ ಹುಡುಕಬೇಕಾಗಿಲ್ಲ. ಬರೀ ಕೆಳಗೆ ಒತ್ತಿದರೆ ತಿಳಿ ಹಳದಿ, ತಿಳಿ ಗುಲಾಬಿ, ತಿಳಿ ನೇರಳೆ. ಇದನ್ನು ನನ್ನ ಅಕ್ಕನ ಮಗ ಕಾಟನ್ ಕ್ಯಾಂಡಿ ಅಂತಾನೆ, ಕರ್ಬಿ ಆಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪೋಲ್ಲ.

ಒಂದು ಎಚ್ಚರಿಕೆ. ಈ ಬಣ್ಣಗಳನ್ನು ಇಟ್ಟಿದ್ದು ಬೆಳಕೇ ಇಲ್ಲದ, ಮಂಕು ಸ್ಕ್ರೀನಿಗಾಗಿ. ಐಪಿಎಸ್‌ನಲ್ಲಿ ಅವು ಚೀರುತ್ತವೆ. ಕಿಟ್‌ನಲ್ಲಿ ಬಣ್ಣದ ತೀವ್ರತೆ ಇಳಿಸುವ ಆಯ್ಕೆ ಇದ್ದರೆ ಇಳಿಸಿ.

ಮೇಲೆ ಮತ್ತು ಎ ಒತ್ತಿದರೆ ಕೆಂಪು ಹಿನ್ನೆಲೆ, ಹಸಿರು ಪಾತ್ರ ಬರುತ್ತದೆ. ಅದನ್ನು ಒಂದು ದಿನ ಭಾವನ ಕೈಗೆ ಕೊಟ್ಟೆ. ‘ಇದರಲ್ಲಿ ನನ್ನ ಹುಡುಗ ಎಲ್ಲಯ್ಯ?’ ಅಂದರು. ಭಾವನಿಗೆ ಕೆಂಪು-ಹಸಿರು ಗೊಂದಲ ಅಂತ ಮರೆತೇ ಹೋಗಿತ್ತು. ಆ ಪ್ಯಾಲೆಟ್‌ನ ಗಾಢ ಕೆಂಪು 148-58-58, ಗಾಢ ಹಸಿರು 0-132-0. ಬಣ್ಣ ತೆಗೆದುಬಿಟ್ಟರೆ ಇವುಗಳ ನಡುವೆ ಉಳಿಯುವ ಅಂತರ 1.5ರಷ್ಟು ಮಾತ್ರ. ಈ ಗೊಂದಲ ಗಂಡಸರಲ್ಲೇ ಜಾಸ್ತಿ, ಅದರ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಮನೆಯಲ್ಲಿ ಅಂಥವರಿದ್ದರೆ ಎಡ ಬಟನ್ನಿನ ನೀಲಿಯನ್ನೇ ಕೊಡಿ. ಭಾವ ಈಗ ನನಗಿಂತ ಜಾಸ್ತಿ ಹೊತ್ತು ಆಡುತ್ತಾರೆ, ಮಷೀನು ವಾಪಸ್ ಕೇಳಿದರೆ ಫೋನ್ ಎತ್ತೋಲ್ಲ.

ಎಲ್ಲಿ ಆಡುತ್ತೀರಿ?

ಮನೆಯೊಳಗೆ ಸಂಜೆ ಹೊತ್ತು ಆಡುವವರು ಯಾವುದು ಇಟ್ಟರೂ ನಡೆಯುತ್ತದೆ. ಟೆರೇಸು, ಬಸ್ಸು, ಮೆಟ್ರೋ ಅನ್ನುವವರು ತಿಳಿ ಶೇಡ್ ನಿಜವಾಗಿ ತಿಳಿಯಾಗಿರುವ ಪ್ಯಾಲೆಟ್ ಇಟ್ಟುಕೊಳ್ಳಿ. ಬಿಸಿಲು ಗಾಢ ಶೇಡ್‌ಗಳನ್ನು ಮೊದಲು ತಿನ್ನುತ್ತದೆ. ನನ್ನ ಪರೀಕ್ಷೆ ಈಗಲೂ ಅದೇ: ಇಂದಿರಾನಗರದಿಂದ ಮೆಜೆಸ್ಟಿಕ್. ಎಂ.ಜಿ. ರೋಡ್ ತನಕ ಬೆನ್ನ ಹಿಂದಿನ ಬಿಸಿಲು, ಕಬ್ಬನ್ ಪಾರ್ಕಿನಿಂದ ಸುರಂಗ. ಎರಡು ಕಡೆಯೂ ಬ್ರೈಟ್‌ನೆಸ್ ಮುಟ್ಟದೆ ಆಡೋಕೆ ಬಂದರೆ ಆ ಪ್ಯಾಲೆಟ್ ಉಳಿಯುತ್ತದೆ.

ಕಿಟ್‌ನಲ್ಲಿ ಪಿಕ್ಸೆಲ್ ಗ್ರಿಡ್ ಅಂತ ಒಂದು ಆಯ್ಕೆ ಇರುತ್ತದೆ. ಚುಕ್ಕಿಗಳ ನಡುವೆ ಸಣ್ಣ ಗೆರೆ ಎಳೆದು ಹಳೇ ಸ್ಕ್ರೀನಿನ ನೋಟ ಕೊಡುತ್ತದೆ. ಚೆನ್ನಾಗಿರುತ್ತದೆ, ಆದರೆ ಸ್ಕ್ರೀನು ಒಂದು ಮಟ್ಟ ಮಂಕಾಗುತ್ತದೆ. ಗ್ರಿಡ್ ಹಾಕಿಯೇ ಪ್ಯಾಲೆಟ್ ಆರಿಸಿ, ಆರಿಸಿದ ಮೇಲೆ ಹಾಕಬೇಡಿ.

ಬಾಡಿಯ ಬಣ್ಣಕ್ಕೆ ಪ್ಯಾಲೆಟ್ ಹೊಂದಿಸೋದು ಕೆಲವರಿಗೆ ಮುಖ್ಯ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ಇಲ್ಲಿ ಬಾಡಿ ಪರರಿಚ್ಛೆ, ಸ್ಕ್ರೀನು ತನ್ನಿಚ್ಛೆ. ನನ್ನದು ರೆಡ್ ಆಕ್ಸೈಡ್ ನೆಲದ ಬಣ್ಣದ ಬಾಡಿ, ಒಳಗೆ ಕಾಫಿ. ನೋಡಿದವರೆಲ್ಲ ಬಸವನಗುಡಿ ಹಳೇ ಮನೆ ಅಂತಾರೆ.

ಕೊನೆಯದಾಗಿ ಕಲರ್ ಇದ್ದವರಿಗೆ: ಆ ಮಷೀನು ನೀವು ಒತ್ತಿದ್ದನ್ನು ನೆನಪಿಡೋಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿಂದ. ನಾನು ಬ್ಯಾಟರಿ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ‘ಬಿಸಿಲು: ಎಡ + ಬಿ. ಭಾವ: ಎಡ.’ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಸೊಟ್ಟಸೊಟ್ಟಗೆ ಇನ್ನೊಂದು ಸಾಲು ಬಂದಿದೆ: ‘ಮಾಮ, ಕರ್ಬಿ: ಕೆಳಗೆ. ಚೇಂಜ್ ಮಾಡ್ಬೇಡ.’